ಹೂರಣದ ಪಿಟೀಲು

ವಾದ್ಯಮೇಳದಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು "ಹಿಂದಿನ ಸಾಲಿನಕ್ಕ" ಎಂದೇ. ಇಪ್ಪತ್ತಾರು ವರ್ಷ ಪಿಟೀಲು ಹಿಡಿದು ಕಂಬದ ಮರೆಯ ಅದೇ ಕುರ್ಚಿಯಲ್ಲಿ ಕೂತವಳಿಗೆ ಬೇರೆ ಹೆಸರು ಯಾಕೆ ಬೇಕು ಹೇಳಿ! ಅವಳ ಸ್ವರದ ಹಾಳೆಯ ನೆತ್ತಿಯಲ್ಲಿ "ರಿಪಿಯೇನೊ" ಎಂಬ ಇಟಲಿಯ ಪದವಿತ್ತು. ಮುಂದಿನ ನಾಲ್ವರು ರಾಗ ಎತ್ತಿದಾಗ ತೆಪ್ಪಗಿರುವುದು, ಎಲ್ಲರೂ ಸೇರಿದಾಗ ದನಿ ತುಂಬುವುದು, ಆ ಪದ ಹೇಳುವುದು ಇಷ್ಟೇ. ಆದರೂ ಮನೆಗೆ ಹೋಗಿ ತಾನೇ ಬೀಗ ತೆಗೆದು, ಒಂದೇ ತಟ್ಟೆ ತೊಳೆದಿಡುವವಳಿಗೆ ಅದು ದೊಡ್ಡ ಬಿರುದಿನಂತೆ ಕಂಡಿತ್ತು.

ಕೆಳಗಿನ ಕ್ಯಾಂಟೀನಿನ ಅಡುಗೆಯವನು ಒಂದು ಕಾಲದಲ್ಲಿ ಹಡಗಿನಲ್ಲಿ ಇಟಲಿಯವರ ಜೊತೆ ಒಲೆ ಮುಂದೆ ಬೆವರು ಸುರಿಸಿದವನು. ಒಂದು ದಿನ ಹಾಳೆ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ಅಯ್ಯೋ ಅಕ್ಕಾ, ರಿಪಿಯೇನೊ ಅಂದ್ರೆ ಅಡುಗೆಮನೇಲಿ ಹೂರಣ! ಬನ್ನೊಳಗೆ ತುಂಬ್ತೀವಲ್ಲ, ಅದು."

ಅವಳ ಮುಖ ಸಪ್ಪಗಾಯಿತು. "ಹಾಗಾದ್ರೆ ನಾನು ಕಣ್ಣಿಗೆ ಕಾಣದ ಸಾಮಾನು ಅನ್ನು."

"ಕಾಣಲ್ಲ, ನಿಜ. ಇಲ್ದಿದ್ರೆ ಮಾತ್ರ ಕಚ್ಚಿದ ತಕ್ಷಣ ಗೊತ್ತಾಗುತ್ತೆ. ಬೇಕಾದ್ರೆ ಪರೀಕ್ಷೆ ಮಾಡಿ."

ಮಾತು ತಲೆ ಹೊಕ್ಕಿತು. ತಾನಿಲ್ಲದಿದ್ದರೆ ಯಾರಿಗಾದರೂ ಗೊತ್ತಾಗುತ್ತದೆಯೇ? ಮನೆಯಲ್ಲಂತೂ ಕೇಳುವವರಿಲ್ಲ, ತಂಗಿ ಫೋನು ಮಾಡಿ ಎರಡು ವರ್ಷವಾಗಿತ್ತು. ಇಲ್ಲಿಯಾದರೂ?

ಮರುದಿನ ಬೆಳಿಗ್ಗೆ ಅಡುಗೆಯವನಿಗಷ್ಟೇ ಗುಟ್ಟು ಹೇಳಿ ತಾಲೀಮಿಗೆ ಕೂತಳು. ಕಮಾನನ್ನು ತಂತಿಗೆ ತಾಗಿಸದೆ ಕೂದಲೆಳೆಯಷ್ಟು ಮೇಲೆಯೇ ಆಡಿಸಿದಳು. ಕೈ ಎಲ್ಲರ ಜೊತೆ ಹೋಗಿಬರುತ್ತಿತ್ತು, ದನಿ ಮಾತ್ರ ಇಲ್ಲ. ಮೇಳ ನಡೆಸುವ ಮೇಷ್ಟ್ರ ಕಿವಿಯೆಂದರೆ ಸಾಮಾನ್ಯವೇ? ಪುಟ ಮಗುಚಿದ ಸದ್ದಿಗೂ ಸಿಡುಕುವ ಆಸಾಮಿ. ಈಗ ಬೈಯುತ್ತಾರೆ, ಈಗ ಬೈಯುತ್ತಾರೆ ಎಂದು ಅವಳು ಆಸೆಯಿಂದ ಕಾದಳು.

ಮೇಷ್ಟ್ರು ಕೋಲು ಕೆಳಗಿಟ್ಟು ಹಿಂದಿನ ಸಾಲಿನತ್ತ ನೋಡಿದರು.

"ಹಿಂದಿನವ್ರು ಇವತ್ತು ತುಂಬಾ ಚೆನ್ನಾಗಿ ನುಡಿಸಿದ್ರಿ. ಕಾರ್ಯಕ್ರಮದ ದಿನಾನೂ ಹೀಗೇ ಇರ್ಲಿ."

ಪಕ್ಕದವಳು ಖುಷಿಯಿಂದ ಮೊಣಕೈಯಲ್ಲಿ ತಿವಿದಳು. ಅಕ್ಕ ನಗಲೇಬೇಕಾಯಿತು.

ಪಿಟೀಲನ್ನು ಪೆಟ್ಟಿಗೆಯಲ್ಲಿಟ್ಟು, ಎಲ್ಲರೂ ಹೋಗುವವರೆಗೆ ಅಲ್ಲೇ ಕೂತಳು. ಕೊನೆಗೆ ಮೆಟ್ಟಿಲಿಳಿದು ಬಂದಾಗ ಅಡುಗೆಯವನು ಹಿಟ್ಟಿನ ಕೈಯಲ್ಲೇ ಓಡಿಬಂದ.

"ಏನಾಯ್ತಕ್ಕಾ? ಗೊತ್ತಾಯ್ತಾ ಅವ್ರಿಗೆ?"

"ಗೊತ್ತಾಗ್ದೇ ಇರುತ್ತಾ? ಎಲ್ಲರ ಮುಂದೆ ಎಬ್ಬಿಸಿ ನಿಲ್ಲಿಸಿ ಬೈದ್ರು ಕಣಪ್ಪಾ."

"ನಾನು ಹೇಳ್ಲಿಲ್ವಾ!" ಅವನ ಮುಖ ಅರಳಿತು. "ಇನ್ಮೇಲೆ ಹಾಗೆಲ್ಲ ಮಾಡ್ಬೇಡಿ. ಪಾಪ, ನೀವಿಲ್ದೆ ಅವ್ರಿಗೆ ಕಷ್ಟ."

"ಇಲ್ಲ, ಮಾಡಲ್ಲ" ಎಂದು ಅವಳು ಅವನು ಕೊಟ್ಟ ಬನ್ನು ಕಚ್ಚಿದಳು. ಹೂರಣ ಸುಡುತ್ತಿತ್ತು. ಕಣ್ಣಲ್ಲಿ ನೀರು ಬಂದದ್ದು ಅದಕ್ಕೇ ಎಂದುಕೊಂಡು ಅವನು ನೀರಿನ ಲೋಟ ತರಲು ಒಳಗೆ ಹೋದ.