ಮೈಕಿನಲ್ಲಿ ‘ಹೋದರು’ ಎನ್ನಬಾರದು

ಜೋಯ್‌ಸ್ಟನ್ ವಾರವಿಡೀ ಪರ್ಕಳದಲ್ಲಿ ಊರವರ ಬೈಕು ರಿಪೇರಿ ಮಾಡುತ್ತಾನೆ, ಭಾನುವಾರ ಮಣ್ಣಿನ ರೇಸಿನಲ್ಲಿ ತನ್ನದನ್ನು ಹಾಳು ಮಾಡುತ್ತಾನೆ. ನಾನು ಮಣಿಪಾಲದ ಮೊಬೈಲ್ ಅಂಗಡಿಯಲ್ಲಿ ಸೇಲ್ಸ್‌ಮನ್. ನಿಲ್ಲಿಸಿದ ಸ್ಕೂಟರಿನಿಂದಲೂ ಬಿದ್ದವನಾದ್ದರಿಂದ ರೇಸಿನವರು ನನಗೆ ಕಾಮೆಂಟರಿ ಹೇಳಲು ಮೈಕ್ ಕೊಟ್ಟಿದ್ದರು.

ಕಳೆದ ವರ್ಷ ನಮ್ಮ ಗೆಳೆಯ ಕಾರ್ಲ್ಟನ್ ಟ್ರ್ಯಾಕಿನಲ್ಲೇ ತೀರಿಕೊಂಡ. ಅಂದಿನಿಂದ ರೇಸಿನವರ ಭಾಷೆಯೇ ಬದಲಾಯಿತು. ಬಿದ್ದವನು ‘ಬಿದ್ದ’ ಅಲ್ಲ, ‘ಕೂತ’. ಕೈ ಮುರಿದರೆ ‘ಸ್ವಲ್ಪ ಜಾಸ್ತಿ ಕೂತ’. ಕಾರ್ಲ್ಟನ್ನನ ಮಾತು ಬಂದರೆ, “ಅವ ಒಂದು ರೌಂಡ್ ಮುಂದೆ ಇದ್ದಾನೆ ಮಾರಾಯ” ಎಂದು ಚಾ ಕುಡಿಯುತ್ತಾರೆ.

ಜೋಯ್‌ಸ್ಟನ್ ಆಮೇಲೆ ರೇಸಿಗೆ ಇಳಿದಿರಲಿಲ್ಲ. ಈ ಸಲ ಕುಕ್ಕುಂದೂರಿನ ಕೊಯ್ದ ಗದ್ದೆಯಲ್ಲಿ ರೇಸ್ ಎಂದಾಗ ತಾಯಿ ಆನಿಬಾಯಿ ಒಂದು ಶರತ್ತಿನ ಮೇಲೆ ಒಪ್ಪಿದರು. “ನಾನೂ ಬರ್ತೇನೆ. ನನ್ನ ಎದೆ ಒಮ್ಮೆ ಧಸಕ್ ಎಂದರೆ ನಿನ್ನ ಬೈಕು ಗುಜರಿಗೆ.”

ಮೂರನೇ ರೌಂಡಿನಲ್ಲಿ ಜೋಯ್‌ಸ್ಟನ್ ಎಲ್ಲರನ್ನೂ ಹಿಂದೆ ಹಾಕಿ ಧೂಳಿನಲ್ಲಿ ಮರೆಯಾದ. ನನಗೆ ಆವೇಶ ಬಂತು. ಗಿರಾಕಿಗಳಿಗೆ ಮರ್ಯಾದೆ ಕೊಟ್ಟು ಕೊಟ್ಟು ಪಳಗಿದ ನಾಲಗೆ ಮೈಕಿನಲ್ಲಿ ಹೇಳಿಬಿಟ್ಟಿತು: “ಹೋದರು. ನಮ್ಮ ಜೋಯ್‌ಸ್ಟನ್ ಹೋದರು.”

‘ಹೋದ’ ಎಂದಿದ್ದರೂ ಬಚಾವಾಗುತ್ತಿದ್ದೆ. ಆದರೆ ಜೀವಂತ ಇರುವ ಜೋಯ್‌ಸ್ಟನ್ನನಿಗೆ ಬಹುವಚನ ಕೊಟ್ಟವರು ಊರಲ್ಲಿ ಯಾರೂ ಇಲ್ಲ. ಹತ್ತಿರ ನಿಂತಿದ್ದ ಸ್ಟ್ಯಾನಿಸ್ಲಾಸ್ ಅಂಕಲ್ ಟೊಪ್ಪಿ ತೆಗೆದು ಶಿಲುಬೆಯ ಗುರುತು ಹಾಕಿದರು. ಆನಿಬಾಯಿ ಕೊಡೆ ಸಮೇತ ಹಗ್ಗ ದಾಟಿ ಟ್ರ್ಯಾಕಿಗೆ ಓಡಿದರು. ಧೂಳಿನಿಂದ ಹೊರಬಂದ ಜೋಯ್‌ಸ್ಟನ್ ಎದುರಿಗೆ ತಾಯಿಯನ್ನು ಕಂಡು ಬ್ರೇಕ್ ಒತ್ತಿದ, ಬೈಕು ತಿರುಗಿತು, ಬೈಹುಲ್ಲಿನ ರಾಶಿಯಲ್ಲಿ ಕೂತ.

“ಮಮ್ಮಿ, ಎಂತ ಇದು?”

“ನೀನು ಹೋದಿಯಂತೆ.”

“ಬಂದೆ ಅಲ್ವಾ? ಯಾರು ಹೇಳಿದ್ದು?”

ಇಡೀ ಗದ್ದೆ ನನ್ನ ಕಡೆ ಕೈ ತೋರಿಸಿತು.

ಆನಿಬಾಯಿ ಮಗನ ಮೈಕೈ ಮುಟ್ಟಿ ನೋಡಿದರು. ಅವನು ಮೆಲ್ಲನೆ, “ಹಾಗಾದರೆ ಬೈಕು ಗುಜರಿಗಾ?” ಎಂದ.

“ಎದೆ ಧಸಕ್ ಎಂದದ್ದು ಬೈಕಿನಿಂದ ಅಲ್ಲ ಪುತಾ, ಇವನ ಬಾಯಿಯಿಂದ. ಗುಜರಿಗೆ ಹಾಕುವುದಾದರೆ ಇವನನ್ನು ಹಾಕಬೇಕು. ಆದರೆ ಯಾರು ತಗೊಳ್ತಾರೆ?”

ಬೈಕು ಉಳಿಯಿತು, ಮೈಕ್ ಕೈತಪ್ಪಿತು. ಕಾಪುವಿನ ಮುಂದಿನ ರೇಸಿನಲ್ಲಿ ನಾನು ಹಗ್ಗ ಹಿಡಿದು ನಿಂತಿದ್ದೆ. ಮೈಕ್ ಆನಿಬಾಯಿಯ ಕೈಯಲ್ಲಿತ್ತು. ಯಾರು ಎತ್ತ ಓಡಿಸಿದರೂ “ಬಂದ, ಬಂದ” ಎನ್ನುತ್ತಿದ್ದರು. ಕೊನೆಗೆ ಗೆದ್ದದ್ದು ಯಾರೆಂದು ಜನ ಕೇಳಿದಾಗ ತಲೆಗಳನ್ನು ಎಣಿಸಿ ಫಲಿತಾಂಶ ಹೇಳಿದರು:

“ಎಲ್ಲರೂ ಬಂದರು.”