ಕ್ಲಬ್ಬಿನ ಮಾಲೀಕರಲ್ಲಿ ನಾನೂ ಒಬ್ಬ

ನಾನೊಂದು ಫುಟ್‌ಬಾಲ್ ಕ್ಲಬ್ಬಿನ ಮಾಲೀಕ. ಹೀಗೆಂದರೆ ಕೇಳಿದವರು ಮೊದಲು ನನ್ನ ಹಳೆಯ ಸ್ಕೂಟರ್ ನೋಡುತ್ತಾರೆ, ಆಮೇಲೆ ನನ್ನ ಮುಖ ನೋಡುತ್ತಾರೆ. ನನ್ನ ಹೆಂಡತಿ ಎರಡನ್ನೂ ನೋಡದೆ, "ಹೌದ್ರೀ ಮಾಲಕರ, ಮೊದ್ಲ ಸಂತಿಗಿ ಹೋಗಿ ಬದನಿಕಾಯಿ ತರ್ರಿ" ಎನ್ನುತ್ತಾಳೆ.

ಆದರೆ ಮಾತು ಸುಳ್ಳಲ್ಲ. ರಾಯಚೂರಿನ ಎಡೆದೊರೆ ಫುಟ್‌ಬಾಲ್ ಕ್ಲಬ್ಬಿನಲ್ಲಿ ನನ್ನದೊಂದು ಷೇರಿದೆ. ಒಂದೇ. ಬೇಕೆಂದರೂ ಎರಡನೆಯದನ್ನು ಕೊಡುವುದಿಲ್ಲ. ಹತ್ತಿ ವ್ಯಾಪಾರಿಗೂ ಒಂದು, ಯರಗೇರಾದಿಂದ ಬಸ್ಸಿಗೆ ಬರುವ ವಿದ್ಯಾರ್ಥಿಗೂ ಒಂದು. ಸಭೆಯಲ್ಲಿ ಯಾರೇ ಆಗಲಿ ಒಂದು ಸಲ ಕೈ ಎತ್ತಬಹುದು, ಅಷ್ಟೇ.

ಕಾಲೇಜಿನಲ್ಲಿ ವಾಣಿಜ್ಯ ಕಲಿಸುವ ನನಗೆ ಇದು ಮೊದಮೊದಲು ಜೀರ್ಣವಾಗಲಿಲ್ಲ. ಹೆಚ್ಚು ಬಂಡವಾಳ ಹಾಕಿದವನ ಮಾತೇ ಹೆಚ್ಚು ಎಂದು ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದವನು ನಾನು. ಆಮೇಲೆ ಓದಿ ತಿಳಿದುಕೊಂಡೆ. ಜರ್ಮನಿಯ ದೊಡ್ಡ ಕ್ಲಬ್ಬುಗಳಲ್ಲೂ ಅರ್ಧಕ್ಕಿಂತ ಹೆಚ್ಚು ಮತ ಸದಸ್ಯರ ಕೈಯಲ್ಲೇ ಇರಬೇಕೆಂಬ ಕಟ್ಟಳೆ ಇದೆಯಂತೆ. ಸ್ಪೇನಿನ ಕೆಲವು ಕ್ಲಬ್ಬುಗಳಲ್ಲಿ ಅಧ್ಯಕ್ಷರನ್ನು ಸದಸ್ಯರೇ ಆರಿಸುತ್ತಾರಂತೆ. ಹಾಗೆ ನೋಡಿದರೆ ಎಡೆದೊರೆಯವರಿಗೆ ಈ ಪಾಠ ಹೊರಗಿನಿಂದ ಬರಬೇಕಿರಲಿಲ್ಲ. ಕೃಷ್ಣೆ, ತುಂಗಭದ್ರೆಯರ ನಡುವಿನ ಈ ನೆಲ ತನ್ನೊಬ್ಬನದೇ ಎಂದು ಎಷ್ಟು ಅರಸರು ಬಡಿದಾಡಲಿಲ್ಲ! ಅವರೆಲ್ಲ ಹೋದರು, ನೆಲ ಇಲ್ಲೇ ಇದೆ.

ಈ ನಿಯಮ ಮಾಡಿಸಿದವರು ನಮ್ಮ ಕಾರ್ಯದರ್ಶಿ ಹುಲಿಗೆಮ್ಮ ಟೀಚರ್. ದೇವದುರ್ಗದ ಶಾಲೆಯೊಂದರಲ್ಲಿ ದೈಹಿಕ ಶಿಕ್ಷಕಿ. ಅವರ ಕೊರಳಲ್ಲಿ ಸದಾ ಒಂದು ಸೀಟಿ ತೂಗುತ್ತಿರುತ್ತದೆ. ಸಭೆಯಲ್ಲಿ ನನ್ನಂಥ ಮೇಷ್ಟ್ರುಗಳ ಮಾತು ಉದ್ದವಾದರೆ ಅವರ ಕೈ ತಾನಾಗಿಯೇ ಆ ಸೀಟಿಯ ಕಡೆ ಹೋಗುತ್ತದೆ.

ಹೋದ ವರ್ಷ ನಮ್ಮ ತಂಡ ಜಿಲ್ಲೆಯನ್ನು ದಾಟಿ ರಾಜ್ಯ ಲೀಗಿಗೆ ಏರಿತು. ಕುಣಿದು ಮುಗಿದ ಮೇಲೆ ಚಿಂತೆ ಶುರುವಾಯಿತು. ಇನ್ನು ಆಟಗಾರರಿಗೆ ತಿಂಗಳ ಸಂಬಳ ಕೊಡಬೇಕು, ದೂರದೂರಿಗೆ ಕರೆದೊಯ್ಯಬೇಕು. ಆಗ ಮುಂದೆ ಬಂದವರು ಮಾನ್ವಿಯ ಅಕ್ಕಿ ಗಿರಣಿಯ ವೀರಭದ್ರಪ್ಪ ಸಾವಕಾರರು. ಅವರೂ ನಮ್ಮ ಹಾಗೆ ಒಂದು ಷೇರಿನ ಸದಸ್ಯರೇ. ಹಣೆ ತುಂಬ ವಿಭೂತಿ ಹಚ್ಚಿಕೊಂಡು ಪ್ರತಿ ಪಂದ್ಯಕ್ಕೂ ಬರುವ, ಗೋಲಾದರೆ ಪಕ್ಕದವರನ್ನು ತಬ್ಬಿ ಆ ವಿಭೂತಿಯಲ್ಲಿ ಅವರಿಗೂ ಪಾಲು ಕೊಡುವ ಮನುಷ್ಯ.

ಭಾನುವಾರ ಬೆಳಿಗ್ಗೆ ಮೈದಾನದ ಬೇವಿನ ಮರದ ಕೆಳಗೆ ಜಮಖಾನ ಹಾಸಿ ಸಭೆ ಸೇರಿದೆವು. ಸಾವಕಾರರು ಸುತ್ತಿ ಬಳಸಲಿಲ್ಲ.

"ಖರ್ಚೆಲ್ಲಾ ನಂದು. ಆದ್ರ ಕೋಚ್ ಯಾರು, ಆಡೋರು ಯಾರು ಅಂತ ಹೇಳಾಂವ ನಾನು. ರೊಕ್ಕ ಹಾಕಿದವನ ಮಾತು ನಡೀಬೇಕಲ್ರೀ?"

ಕೋಚ್ ಖಾಜಾ ಮಾಸ್ತರು ಬಗ್ಗಿ, ಬಿಗಿಯಾಗಿಯೇ ಇದ್ದ ಬೂಟಿನ ಲೇಸನ್ನು ಮತ್ತೆ ಬಿಗಿದರು. ಸಾವಕಾರರ ತಂಗಿಯ ಮಗ ಶಿವು ನಮ್ಮ ತಂಡದಲ್ಲಿದ್ದ. ಮಾಸ್ತರು ಅವನನ್ನು ಹೆಚ್ಚಾಗಿ ಬೆಂಚಿನ ಮೇಲೇ ಕೂರಿಸುತ್ತಿದ್ದುದು ಎಲ್ಲರಿಗೂ ಗೊತ್ತಿತ್ತು.

ನಾನು ನನ್ನ ಶಾಸ್ತ್ರದ ಪ್ರಕಾರ ಸಾವಕಾರರ ಪರ ಮಾತಾಡಲು ಗಂಟಲು ಸರಿಪಡಿಸಿಕೊಂಡೆ. ಅಷ್ಟರಲ್ಲಿ ಟೀಚರ್ ಎದ್ದು ನಿಂತರು.

"ಸಾವ್ಕಾರ್ರ, ನಿಮ್ಮ ಮನಸು ದೊಡ್ಡದದ, ಅದ್ರಾಗ ಎರಡು ಮಾತಿಲ್ಲ. ಆದ್ರ ನಾಳಿ ನಿಮಗ ಬ್ಯಾಸರ ಬಂತಂದ್ರ? ಇಲ್ಲಾ, ನಿಮ್ಮ ಮಗ 'ಚೆಂಡಿನ ಹುಚ್ಚು ನಮ್ಮಪ್ಪಗ ಇತ್ತು, ನನಗಿಲ್ಲ' ಅಂದ್ರ? ಆವತ್ತು ಈ ಹುಡುಗ್ರು ಯಾರ ಬಾಗಲಾಗ ನಿಂದರಬೇಕು?"

ಸಾವಕಾರರು ಸಿಟ್ಟಾಗಲಿಲ್ಲ. "ಹಂಗಾದ್ರ ಖರ್ಚಿಗೆ ಏನ್ ಮಾಡ್ತೀ ಯವ್ವಾ?" ಎಂದರು.

"ಹುಡುಗ್ರ ಅಂಗಿ ಮ್ಯಾಲ ರೊಕ್ಕ ಕೊಡೋ ವ್ಯಾಪಾರಸ್ಥರ ಹೆಸರು ಹಾಕ್ತೀವ್ರಿ, ನಿಮ್ಮದೂ ಹಾಕ್ತೀವಿ. ಪರಊರಿನ ಹುಡುಗ್ರು ಸದಸ್ಯರ ಮನ್ಯಾಗ ಇರ್ತಾರ. ಹೊಸಾ ಸದಸ್ಯರನ್ನ ಮಾಡಾಕ ನಾನ ಊರೂರು ತಿರಗತೀನಿ. ಕಡಿಮಿ ಬಿದ್ರ ಸಣ್ಣ ತಂಡ ಕಟ್ಟೋಣು. ಸಣ್ಣದಾದ್ರೂ ನಮ್ಮದಾಗಿರ್ಲಿ."

ಕೈ ಎತ್ತುವ ಹೊತ್ತು ಬಂತು. ನನ್ನ ಕೈ ನನ್ನ ಶಾಸ್ತ್ರವನ್ನು ಕೇಳದೆ ಟೀಚರ್ ಪರ ಎದ್ದಿತು. ಸಾವಕಾರರ ಪರ ಎದ್ದವು ಬೆರಳೆಣಿಕೆಯಷ್ಟು. ಅವರು ಹೆಗಲ ಮೇಲಿನ ವಲ್ಲಿ ಕೊಡವಿಕೊಂಡು ಎದ್ದರು, ಜೀಪಿನ ಕಡೆ ನಡೆದರು. ಒಬ್ಬ ದೊಡ್ಡ ಮನುಷ್ಯ ಎಲ್ಲರೆದುರು ಸೋತಿದ್ದಾನೆ, ಇನ್ನು ಈ ಕಡೆ ತಲೆ ಹಾಕುವುದಿಲ್ಲ ಎಂದುಕೊಂಡೆ. ಜೀಪಿನ ಬಾಗಿಲಿನ ಮೇಲೆ ಕೈಯಿಟ್ಟವರು ತಿರುಗಿದರು.

"ಚಾ ತರಸ್ತೀರೋ, ಇಲ್ಲಾ ಸೋತವರಿಗಿ ಚಾ ಇಲ್ಲೋ?"

ಎಲ್ಲರೂ ನಕ್ಕೆವು. ಮೊದಲು ನಕ್ಕವರು ಖಾಜಾ ಮಾಸ್ತರು. ಸಾವಕಾರರು ಮರಳಿ ಬಂದು ಅದೇ ಜಮಖಾನದ ಮೇಲೆ ಕೂತು ಚಹಾ ಊದುತ್ತ, "ಗಿರಣಿ ಗಾಡಿ ರವಿವಾರ ಸುಮ್ಮ ನಿಂತಿರತದ. ಹುಡುಗ್ರನ್ನ ಅದ್ರಾಗ ಒಯ್ರಿ" ಎಂದರು. ಕಂಪನಿ ಕಾನೂನಿನ ಪುಸ್ತಕಗಳಲ್ಲಿ ಕಡಿಮೆ ಮತದವರ ಹಕ್ಕುಗಳ ಬಗ್ಗೆ ಪುಟಗಟ್ಟಲೆ ಇದೆ. ಮತದಲ್ಲಿ ಸೋತು ಹೀಗೆ ಚಹಾ ಕುಡಿಯುವ ದೊಡ್ಡತನದ ಬಗ್ಗೆ ಒಂದು ಸಾಲೂ ಇಲ್ಲ.

ಟೀಚರ್ ಆಡಿದಂತೆ ನಡೆದರು. ಹೊಳೆದಂಡೆಯ ಗೂಗಲ್ ಊರು, ದೇವಸುಗೂರು, ಮಾನ್ವಿ ಎಂದು ರಜಾದಿನವೆಲ್ಲ ತಿರುಗಿ ಸದಸ್ಯರನ್ನು ಕೂಡಿಸಿದರು. ಮಾನ್ವಿಯಲ್ಲಿ ಅವರ ಜೊತೆ ಅಂಗಡಿಯಿಂದ ಅಂಗಡಿಗೆ ಓಡಾಡಿದವರು ಇದೇ ಸಾವಕಾರರು. ನಮ್ಮ ಮನೆಯ ಪಾಲಿಗೆ ಗೋಲ್‌ಕೀಪರ್ ಬಂದ. ಚೆಂಡು ಹಿಡಿಯುವುದರಲ್ಲಿ ಅವನು ಹೇಗೋ ಏನೋ, ಜೋಳದ ರೊಟ್ಟಿ ಶೇಂಗಾ ಚಟ್ನಿಯನ್ನಂತೂ ಒಮ್ಮೆಯೂ ಕೈಬಿಟ್ಟವನಲ್ಲ.

ರಾಜ್ಯ ಲೀಗಿನ ಮೊದಲ ಪಂದ್ಯ ನಮ್ಮೂರಲ್ಲೇ ಆಯಿತು. ಶಿವು ಬೆಂಚಿನ ಮೇಲೇ ಇದ್ದ, ನಾವು ಸೋತೆವು. ಬಿಸಿಲಲ್ಲಿ ನನ್ನ ಪಕ್ಕ ಕೂತ ಸಾವಕಾರರು ಗಂಟಲು ಹರಿಯುವಂತೆ ಕೋಚನ್ನು ಬೈದರು. ಪಂದ್ಯ ಮುಗಿದೊಡನೆ ಹೋಗಿ ಕೇಳಿಯೂ ಬಿಟ್ಟರು: "ಹುಡುಗನ್ನ ಯಾಕ ಇಳಸಲಿಲ್ರೀ ಮಾಸ್ತರ?"

"ಚೆಂಡು ಕಳಕೊಂಡ ಮ್ಯಾಲ ಅಂವ ಹಿಂದ ಓಡಿ ಬರಂಗಿಲ್ರೀ ಸಾವ್ಕಾರ್ರ. ಅದನ್ನ ಕಲೀಲಿ, ಇಳಸ್ತೀನಿ."

ಸಾವಕಾರರು ವಲ್ಲಿಯಿಂದ ಮುಖ ಒರೆಸಿಕೊಂಡು, "ಅದು ಖರೇ ಅದ ನೋಡ್ರಿ" ಎಂದು ಒಪ್ಪಿಕೊಂಡರು.

ಜೀಪಿನವರೆಗೆ ಅವರ ಜೊತೆ ನಡೆದೆ. ಬಾಯಿ ಸುಮ್ಮನಿರದೆ, "ನೀವ ಮಾಲಕರಾಗಿದ್ರ ಶಿವು ಆಡ್ತಿದ್ದನಲ್ರೀ?" ಎಂದು ಕೆಣಕಿದೆ.

"ಆಡ್ತಿದ್ದ. ಆದ್ರ ಇವತ್ತಿನ ಸೋಲು ನನ್ನೊಬ್ಬನ ತಲಿ ಮ್ಯಾಲ ಇರ್ತಿತ್ತಲ್ರೀ ಸರ! ಈಗ ನೋಡ್ರಿ, ಅಷ್ಟೂ ಮಂದಿ ಹಂಚಿಕೊಂಡೀವಿ. ನನ್ನ ಪಾಲಿಗಿ ಬೈಯೋದೊಂದ ಬಂದದ."