ಕ್ಯಾಮೆರಾ ಬೆನ್ನಿನ ಮೇಲಿನ ಮೂಗಿನ ಗುರುತು

ಕೋವಿಡ್ ಕಳೆದು, ಮದುವೆಗಳಿಗೆ ಮತ್ತೆ ಊರಿಗೆ ಊರೇ ಸೇರತೊಡಗಿದ್ದ ವರ್ಷದ ಮಾತು. ಸಕಲೇಶಪುರದ ಬಸ್ ನಿಲ್ದಾಣದ ಹತ್ತಿರದ ಸಣ್ಣದೊಂದು ಫೋಟೋ ಸ್ಟುಡಿಯೋಕ್ಕೆ ಆಗ ನಾನು ಅರ್ಧ ಮಾಲೀಕಳು, ಈಗಲೂ ಅಷ್ಟೇ. ಇನ್ನರ್ಧ ನಜೀರಣ್ಣನವರದು. ವಯಸ್ಸಿನಲ್ಲಿ ನನಗಿಂತ ಬಹಳ ದೊಡ್ಡವರು, ರೋಲ್ ಹಾಕಿ ಫೋಟೋ ತೆಗೆಯುತ್ತಿದ್ದ ಕಾಲದಿಂದಲೂ ಈ ಸೀಮೆಯ ಮದುವೆಗಳನ್ನು ನೋಡಿದವರು. ಅವರು ಮಂಟಪದ ಮುಂದಿದ್ದರೆ ನಾನು ಹಿಂದೆ, ನಾನು ಮುಂದಿದ್ದರೆ ಅವರು ಹಿಂದೆ. ಹೀಗೇ ನಡೆದುಬಂದಿತ್ತು.

ಆಷಾಢದಲ್ಲಿ ನಮಗೆ ಮದುವೆ ಕೆಲಸ ಕಡಿಮೆ. ಆಗೊಂದು ದಿನ ಶಟರ್ ಅರ್ಧ ಎಳೆದು ಇಬ್ಬರೂ ಕೂರುತ್ತೇವೆ. ಕಳೆದ ವರ್ಷ ಯಾವ ಕೆಲಸ ಚೆನ್ನಾಗಿ ಬಂತು, ಯಾವುದು ಕೆಟ್ಟಿತು, ಯಾರು ಮತ್ತೆ ಕರೆದರು, ಮುಂದಿನ ವರ್ಷ ಯಾವುದನ್ನು ಹಿಡಿಯುವುದು, ಯಾವುದನ್ನು ಬಿಡುವುದು ಎಂಬ ಮಾತು ಆ ದಿನ ಆಗುತ್ತದೆ. ದೊಡ್ಡ ಕಂಪನಿಗಳಲ್ಲಿ ಇದಕ್ಕೆ ಆನ್ಯುಯಲ್ ರಿವ್ಯೂ ಎನ್ನುತ್ತಾರಂತೆ. ನಮ್ಮ ಬಾಯಲ್ಲಿ ಅದು 'ಆಷಾಢ ಕೂರೋದು'. ಪಕ್ಕದ ಬೇಕರಿಯವರು ಹೊಸ ಮದುಮಗಳನ್ನು ಕೇಳುವ ಹಾಗೆ, "ಏನ್ರೀ, ಈ ಸಲ ಆಷಾಢಕ್ಕೆ ತವರಿಗೆ ಹೋಗ್ಲಿಲ್ವಾ?" ಎಂದು ಛೇಡಿಸುತ್ತಾರೆ.

ಈ ಕೂರುವುದಕ್ಕೆ ನಾವೇ ಮಾಡಿಕೊಂಡ ಒಂದು ಕಟ್ಟಳೆ ಇದೆ. ತಾನು ತೆಗೆದ ಫೋಟೋಗಳಲ್ಲಿ ಚೆನ್ನಾಗಿರುವುದನ್ನಷ್ಟೇ ಅಲ್ಲ, ಕೆಟ್ಟದ್ದನ್ನೂ ತಾನೇ ಆರಿಸಿ ಮೇಜಿನ ಮೇಲಿಡಬೇಕು. ಆ ವರ್ಷ ನಾನು ನನ್ನದೆಲ್ಲ ಹರಡಿ ಕೂತರೆ, ನಜೀರಣ್ಣ ಬರಿಗೈಯಲ್ಲಿ ಬಂದು, "ಎಲ್ಲಾ ಚೆನ್ನಾಗೇ ಐತೆ ಬಿಡು. ಮುಂದಿನ್ ವರ್ಷದ್ ಮಾತಾಡು," ಎಂದುಬಿಟ್ಟರು.

ಎಲ್ಲಾ ಚೆನ್ನಾಗಿರಲಿಲ್ಲ. ಅವರ ಫೋಟೋಗಳು 'ಸಾಫ್ಟ್' ಆಗುತ್ತಿದ್ದವು. ಫೋಕಸ್ ಕೂದಲೆಳೆಯಷ್ಟು ತಪ್ಪಿ ಮುಖ ಮಸುಕಾದರೆ ನಮ್ಮ ಕಸುಬಿನವರು ಹಾಗೆನ್ನುತ್ತಾರೆ. ಒಂದು ಮದುವೆಯಲ್ಲಾದರೆ ಲೆನ್ಸಿನ ತಪ್ಪು ಎನ್ನಬಹುದು. ಸೀಸನ್ ಪೂರ್ತಿ ಆದರೆ ಏನೆನ್ನುವುದು? ಕೇಳಲು ನನಗೆ ಬಾಯಿ ಬರಲಿಲ್ಲ. ಆದರೆ ಕೇಳದೆ ವಿಧಿಯೂ ಇರಲಿಲ್ಲ. ಬಿಸಿಲೆ ದಾರಿಯ ರೆಸಾರ್ಟೊಂದು ವರ್ಷಪೂರ್ತಿ ಕೆಲಸ ಕೊಡುತ್ತೇನೆ ಎಂದಿತ್ತು. ಇಬ್ಬರು ಫೋಟೋಗ್ರಾಫರುಗಳು ಎರಡು ಕಡೆ ಒಂದೇ ಹೊತ್ತಿಗೆ ನಿಲ್ಲಬೇಕೆಂಬುದು ಅವರ ಷರತ್ತು. ಆ ವಾರದಲ್ಲೇ ಉತ್ತರ ಹೇಳಬೇಕಿತ್ತು.

ಮಾತು ತೇಲಿಸಲು ಕ್ಯಾಮೆರಾ ಒರೆಸತೊಡಗಿದೆ. ನಮ್ಮ ಮಳೆಗಾಲದ ತೇವಕ್ಕೆ ಲೆನ್ಸಿನೊಳಗೂ ಬೂಷ್ಟು ಹಿಡಿಯುತ್ತದೆ. ಹಾಗಾಗಿ ಎಲ್ಲವನ್ನೂ ಒರೆಸಿ, ಬಲ್ಬ್ ಉರಿಯುವ ಬೀರುವಿನಲ್ಲಿಡುತ್ತೇವೆ. ಬಲಗಣ್ಣಿನಿಂದ ನೋಡಿ ಫೋಟೋ ತೆಗೆಯುವವರ ಮೂಗು ಕ್ಯಾಮೆರಾ ಬೆನ್ನಿನ ಎಡಭಾಗಕ್ಕೆ ಒತ್ತಿ, ಅಲ್ಲೊಂದು ಜಿಡ್ಡಿನ ಕಲೆ ಕೂರುತ್ತದೆ. ನಜೀರಣ್ಣನ ಕ್ಯಾಮೆರಾದಲ್ಲಿ ಆ ಕಲೆಯನ್ನು ಎಷ್ಟು ವರ್ಷ ಬೈದುಕೊಂಡು ಒರೆಸಿದ್ದೇನೋ. ಆ ದಿನ ಎಡಭಾಗ ಶುಭ್ರವಾಗಿತ್ತು. ಕಲೆ ಬಲಕ್ಕೆ ಬಂದಿತ್ತು.

"ನಜೀರಣ್ಣ, ಯಾವಾಗಿಂದ ಎಡಗಣ್ಣಲ್ಲಿ ನೋಡ್ತಿದೀರಿ?"

ಅವರು ಕ್ಯಾಮೆರಾ ನೋಡಿದರು, ನನ್ನ ಕೈಯಲ್ಲಿದ್ದ ಬಟ್ಟೆ ನೋಡಿದರು. ಆಮೇಲೆ ನಕ್ಕರು. "ಮೂಗು ಚಾಡಿ ಹೇಳ್ಬುಡ್ತಾ, ಮಾರಾಯ್ತಿ?"

ಸಕ್ಕರೆ ಕಾಯಿಲೆ ಅವರ ಬಲಗಣ್ಣನ್ನು ತಿಂದಿತ್ತು. ಹೋದ ನೋಟ ಇನ್ನು ಬರುವುದಿಲ್ಲ, ಮಂಜಾಗತೊಡಗಿರುವ ಎಡಗಣ್ಣನ್ನಾದರೂ ಉಳಿಸಿಕೊಳ್ಳಿ ಎಂದು ಹಾಸನದ ಡಾಕ್ಟರು ಹೇಳಿದ್ದರಂತೆ. ಮನೆಯವರ ಬಾಯಿಗೂ ಬೀಗ ಹಾಕಿಸಿ ಸೀಸನ್ ಮುಗಿಸಿದ್ದರು. ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ಅಳು ಬಂತು.

"ಮುಂದಿನ್ ವರ್ಷಕ್ಕೆ ನನ್ ಹೆಸ್ರು ತೆಗ್ದಾಕು," ಎಂದರು. "ಬೇರೆ ಯಾರಾದ್ರೂ ಕಣ್ಣಿರೋರ್ನ ಜೊತೆಗಾಕ್ಕೊಂಡು ರೆಸಾರ್ಟ್ ಹಿಡ್ಕೋ. ಪಾಸ್‌ಪೋರ್ಟ್ ಫೋಟೋ ಕತ್ತರಿಸ್ಕೊಂಡು ಕೂರೋಕೆ ನಂಗಾಗಲ್ಲ ಕಣಮ್ಮ. ನಾನ್ ಮನೇಲಿರ್ತೀನಿ."

ನಾನು ಕಂಪ್ಯೂಟರಿನಲ್ಲಿ ಆಲೂರಿನ ಒಂದು ಮದುವೆಯನ್ನು ತೆರೆದೆ. ಮದುಮಗಳ ಅಪ್ಪ ಮತ್ತು ಚಿಕ್ಕಪ್ಪ ತೋಟದ ಬೇಲಿಯ ಜಗಳದಲ್ಲಿ ಮಾತು ಬಿಟ್ಟವರು. ಗ್ರೂಪ್ ಫೋಟೋಕ್ಕೆ ಸ್ಟೇಜಿನ ಆ ತುದಿಗೊಬ್ಬರು, ಈ ತುದಿಗೊಬ್ಬರು ನಿಂತಿದ್ದರು. ಅದು ನಾನು ತೆಗೆದದ್ದು, ರೆಪ್ಪೆಗೂದಲು ಎಣಿಸಬಹುದು, ಅಷ್ಟು ಸ್ಪಷ್ಟ. ಆಗ ನಜೀರಣ್ಣ ಮುಂದೆ ಬಂದು, "ಚಿಕ್ಕೆಜಮಾನ್ರೇ, ಆ ಕಡೆ ಲೈಟ್ ಕಮ್ಮಿ ಐತೆ, ಮುಖ ಕಪ್ಪಾಗ್ತದೆ. ಅಣ್ಣನ್ ಪಕ್ಕಕ್ಕೆ ಬನ್ನಿ," ಎಂದಿದ್ದರು. ಲೈಟು ಎಲ್ಲ ಕಡೆ ಒಂದೇ ಸಮ ಇತ್ತು. ಚಿಕ್ಕಪ್ಪ ಬಂದು ನಿಂತರು. ನಿಂತ ಮೇಲೆ ಅಣ್ಣನ ಕೈ ತಾನಾಗಿ ತಮ್ಮನ ಹೆಗಲಿಗೆ ಹೋಯಿತು. ಅದನ್ನು ನಜೀರಣ್ಣ ತೆಗೆದರು. ಸಾಫ್ಟ್ ಆಗಿತ್ತು. ಆ ಮನೆಯವರು ಗೋಡೆಗೆಂದು ದೊಡ್ಡದು ಮಾಡಿಸಿಕೊಂಡದ್ದು ಮಾತ್ರ ಅದನ್ನೇ.

"ಕ್ಲಿಕ್ ಮಾಡೋಕೆ ನಾನಿದೀನಿ," ಎಂದೆ. "ಇವರನ್ನ ಹೀಗೆ ನಿಲ್ಸೋಕೆ ಯಾರನ್ನ ತರ್ಲಿ?"

ಅವರು ಪರದೆಯ ಹತ್ತಿರ ಬಗ್ಗಿ, ತಲೆ ಓರೆ ಮಾಡಿ, ಎಡಗಣ್ಣಿನಿಂದ ಬಹಳ ಹೊತ್ತು ನೋಡಿದರು. "ಬರೀ ನಿಲ್ಸೋಕೂ ಒಬ್ಬ ಬೇಕಾ?" ಎಂದರು.

"ನಮ್ಮ ಸ್ಟುಡಿಯೋಕ್ಕೆ ಬೇಕು."

ರೆಸಾರ್ಟಿಗೆ ಆಗುವುದಿಲ್ಲ ಎಂದು ಹೇಳಿದೆವು. ಅದು ಸಣ್ಣ ನಷ್ಟವೇನಲ್ಲ; ಇನ್ನೊಂದು ಸ್ಟುಡಿಯೋದವರು ಆ ಕೆಲಸ ಹಿಡಿದು ಮೇಲೆ ಬಂದದ್ದನ್ನು ನೋಡಿ ನನ್ನ ಹೊಟ್ಟೆ ಉರಿದದ್ದೂ ನಿಜ. ಮದುವೆ, ನಾಮಕರಣ, ಮನೆ ಒಕ್ಕಲು ಮಾತ್ರ ಹಿಡಿಯುವುದು, ಎಲ್ಲಿಗೆ ಹೋದರೂ ಇಬ್ಬರೂ ಒಟ್ಟಿಗೆ ಹೋಗುವುದು ಎಂದು ತೀರ್ಮಾನವಾಯಿತು.

ಶ್ರಾವಣದ ಮೊದಲ ಮದುವೆಗೆ ಹೊರಡುವಾಗ ನಜೀರಣ್ಣ ತಮ್ಮ ಕ್ಯಾಮೆರಾವನ್ನು ಕೊರಳಿಗೆ ಹಾಕಿಕೊಂಡರು. ಬ್ಯಾಟರಿ ಬಿಚ್ಚಿ ಮೇಜಿನ ಮೇಲಿಟ್ಟಿದ್ದರು. "ಇದಿಲ್ದಿದ್ರೆ ಯಾರೂ ನನ್ ಮಾತು ಕೇಳಲ್ಲ ಕಣಮ್ಮ." ಸ್ಟೇಜಿನ ಮುಂದೆ ನಿಂತು, ಅತ್ತೆಯನ್ನು ಇತ್ತ, ಮಾವನನ್ನು ಅತ್ತ ಸರಿಸಿ, ಎಲ್ಲರನ್ನೂ ನಗಿಸಿ, ಖಾಲಿ ಕ್ಯಾಮೆರಾವನ್ನು ಕಣ್ಣಿಗೆ ಹಿಡಿದರು. ಎಡಗಣ್ಣಿಗಲ್ಲ, ಹಳೆಯ ಅಭ್ಯಾಸದಂತೆ ಬಲಗಣ್ಣಿಗೆ. ಅವರ ಹೆಗಲ ಪಕ್ಕದಿಂದ ನಾನು ಕ್ಲಿಕ್ ಮಾಡಿದೆ.

ಯಾರು ಏನು ಕಳೆದುಕೊಂಡರು ಎಂದು ತಿಳಿಯುವುದಷ್ಟೇ ವರ್ಷದ ಮೌಲ್ಯಮಾಪನ ಎಂದುಕೊಂಡಿದ್ದೆ. ಯಾರಲ್ಲಿ ಏನು ಉಳಿದಿದೆ ಎಂದು ಹುಡುಕಿ, ಅದರ ಮೇಲೆ ಮುಂದಿನ ವರ್ಷವನ್ನು ಕಟ್ಟಬೇಕೆಂಬುದನ್ನು ಈ ಕಸುಬು ನನಗೆ ಕಲಿಸಿತು.

ಮರುವರ್ಷದ ಆಷಾಢದಲ್ಲಿ ಕಟ್ಟಳೆಯಂತೆ ನನ್ನ ಕೆಟ್ಟ ಫೋಟೋಗಳನ್ನು ಹರಡಿದೆ. ಎಲ್ಲದರಲ್ಲೂ ಒಂದೇ ತಪ್ಪು: ಯಾರೂ ಲೆನ್ಸ್ ನೋಡುತ್ತಿರಲಿಲ್ಲ. ಮದುಮಕ್ಕಳು, ಅಜ್ಜಿಯಂದಿರು, ಕಂಕುಳಿನ ಮಕ್ಕಳು, ಎಲ್ಲರೂ ನನ್ನ ಪಕ್ಕಕ್ಕೆ ನೋಡಿ ನಗುತ್ತಿದ್ದರು.

"ಇದನ್ನ ಸರಿ ಮಾಡ್ಬೇಕಲ್ಲ?" ಎಂದರು ನಜೀರಣ್ಣ. "ಎಲ್ನೋಡ್ತಾವ್ರೆ ಇವ್ರೆಲ್ಲ?"

"ನಿಮ್ಮನ್ನ," ಎಂದೆ.

ಆ ತಪ್ಪನ್ನು ನಾವು ಇವತ್ತಿಗೂ ತಿದ್ದಿಕೊಂಡಿಲ್ಲ.